ಗೋಪ್ಯವೆಂದು ನಾವು ಮುಚ್ಚಿಟ್ಟ ಐದು ಹಾಳೆ

ಮಧುಗಿರಿಯ ನಮ್ಮ ನೀರಾವರಿ ಇಲಾಖೆಯ ಕಚೇರಿಯಲ್ಲಿ ಕೋರ್ಟು ಕಡತಗಳು ನನ್ನ ಮೇಜಿಗೆ ಬಂದು ಒಂಬತ್ತು ವರ್ಷವಾಯಿತು. ಶಿರಾ, ಪಾವಗಡ, ಕೊರಟಗೆರೆ, ಎಲ್ಲಿ ವಾಯಿದೆ ಇದ್ದರೂ ಕಡತ ಹೊತ್ತು ಬಸ್ಸು ಹತ್ತುವವಳು ನಾನೇ. ಹೋಗಿ ಮಾಡುವುದು ಬಹುಪಾಲು ಮುಂದಿನ ವಾಯಿದೆಯ ತಾರೀಖು ಬರೆದುಕೊಂಡು ಬರುವ ಕೆಲಸ.

ಹುಲಿಕುಂಟೆ ಕಡೆಯ ಒಬ್ಬ ಹೆಂಗಸು ಹಾಕಿದ್ದ ದಾವೆಯೂ ಹಾಗೇ ಎರಡು ವರ್ಷ ಎಳೆದಿತ್ತು. ಆಕೆಯ ಗಂಡ ಕುರಿ ಮೇಯಿಸುತ್ತಿದ್ದವನು. ನಮ್ಮ ಇಲಾಖೆ ಕಟ್ಟಿಸಿದ ಚೆಕ್ ಡ್ಯಾಂನಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದಾಗ ಪಕ್ಕದ ಗೋಡೆ ಕುಸಿದು ಸತ್ತ. ಇಲಾಖೆ ತಾನೇ ವಿಚಾರಣೆ ನಡೆಸಿ ಐದು ಹಾಳೆಯ ವರದಿ ಬರೆಸಿತು. ಅಷ್ಟರಲ್ಲಿ, ಅವನು ಕುಡಿದು ಗೋಡೆಯ ಬುಡದಲ್ಲಿ ಮಲಗಿದ್ದನಂತೆ ಎಂಬ ಮಾತು ಊರಲ್ಲಿ ಹಬ್ಬಿತ್ತು. ಅದು ನಮ್ಮವರ ಬಾಯಿಂದಲೇ ಹೊರಟದ್ದೆಂದು ನನ್ನ ಅನುಮಾನ.

ಆ ವರದಿಯನ್ನು ಹಾಜರುಪಡಿಸಬೇಕೆಂದು ಆಕೆಯ ವಕೀಲರು ಅರ್ಜಿ ಕೊಟ್ಟರು. ಸಾಹೇಬರು ನನ್ನನ್ನು ಕರೆದರು.

"ಅದು ಗೋಪ್ಯ, ಹೊರಗೆ ಬಂದ್ರೆ ಸಾರ್ವಜನಿಕ ಹಿತಕ್ಕೆ ಧಕ್ಕೆ ಅಂತ ಅಫಿಡವಿಟ್ ಹಾಕಮ್ಮ. ಹಳೇದು ಒಂದು ಇದೆಯಲ್ಲ, ಕೇಸ್ ನಂಬರ್ ಬದಲಾಯಿಸಿದ್ರೆ ಸಾಕು, ಮುಖ್ಯಸ್ಥರ ಸಹಿ ನಾನು ಹಾಕಿಸ್ತೀನಿ."

ವರದಿಯನ್ನು ನಾನು ಓದಿದ್ದೆ. ಆದರೂ ಅಫಿಡವಿಟ್ ಟೈಪು ಮಾಡಿಕೊಟ್ಟೆ.

ಶಿರಾ ಕೋರ್ಟಿನ ವರಾಂಡದ ಬೆಂಚಿನ ಮೇಲೆ ಆಕೆ ಪ್ರತಿ ವಾಯಿದೆಗೂ ಕೂತಿರುತ್ತಿದ್ದರು. ಒಂದು ದಿನ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು.

"ಮೇಡಮ್ಮ, ಆ ಕಾಗ್ದ ನಿಮ್ಮ ಆಪೀಸಲ್ಲೇ ಅಲ್ವಾ ಇರಾದು? ನನ್ ಗಂಡ ಕುಡ್ದಿದ್ದ ಅಂತ ಬರ್ದವ್ರಾ? ಅದೊಂದು ಹೇಳ್ಬುಡಿ ಸಾಕು."

"ಕೇಸು ಕೋರ್ಟಲ್ಲಿದೆಯಲ್ಲಮ್ಮ, ನಾನು ಹೇಳೋ ಹಂಗಿಲ್ಲ" ಎಂದೆ.

"ಅಂಗಾರೆ ಇರ್ಲಿ ಬುಡಿ" ಎಂದರು ಆಕೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವತ್ತು ನ್ಯಾಯಾಧೀಶರು ನಮ್ಮ ಅಫಿಡವಿಟ್ ಓದಿ ತಲೆಯೆತ್ತಿದರು. "ಧಕ್ಕೆ ಆಗುತ್ತೆ ಅಂತಿದೆ. ಏನು ಧಕ್ಕೆ, ಯಾರಿಗೆ? ಅದೇ ಇಲ್ಲವಲ್ಲ."

"ಇಲಾಖೆಯ ಮುಖ್ಯಸ್ಥರೇ ಪ್ರಮಾಣ ಮಾಡಿ ಹೇಳಿದ್ದಾರೆ, ಸ್ವಾಮಿ" ಎಂದರು ಸರ್ಕಾರಿ ವಕೀಲರು.

"ಅವರು ಹೇಳಬಹುದು. ಗೋಪ್ಯ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡಬೇಕಾದದ್ದು ಕೋರ್ಟು. ಮೊಹರು ಮಾಡಿದ ಲಕೋಟೆಯಲ್ಲಿ ತಂದುಕೊಡಿ. ಮೊದಲು ನಾನು ಓದುತ್ತೇನೆ."

ಮುಂದಿನ ವಾಯಿದೆಗೆ ಲಕೋಟೆಯನ್ನು ಚೀಲದೊಳಗಿಟ್ಟು ಒಯ್ದೆ. ಕೊರಟಗೆರೆಯ ನನ್ನ ಮನೆಯಿಂದ ಬೆಳಿಗ್ಗೆ ಹೊರಟವಳು ಮಧುಗಿರಿಯಲ್ಲಿ ಬಸ್ಸು ಬದಲಿಸಿ ಶಿರಾ ಮುಟ್ಟುವಷ್ಟರಲ್ಲಿ ಸೋತುಹೋಗಿದ್ದೆ. ನ್ಯಾಯಾಧೀಶರು ಅದನ್ನು ತಮ್ಮ ಕೊಠಡಿಗೆ ತೆಗೆದುಕೊಂಡು ಹೋದರು. ಅರ್ಧ ಗಂಟೆಯೂ ಆಗಲಿಲ್ಲ, ಹೊರಗೆ ಬಂದು ಆದೇಶ ಹೇಳಿದರು. ವಿಚಾರಣೆಯಲ್ಲಿ ಹೇಳಿಕೆ ಕೊಟ್ಟ ಇಬ್ಬರು ಕೆಳಗಿನ ನೌಕರರ ಹೆಸರು ಮುಚ್ಚಬೇಕು, ಉಳಿದದ್ದೆಲ್ಲ ವಾದಿಗೆ ಕೊಡಬೇಕು.

"ಇಲಾಖೆಗೆ ಮುಜುಗರ ಆಗುತ್ತೆ ಅನ್ನೋದು ಬೇರೆ, ಸಾರ್ವಜನಿಕ ಹಿತ ಬೇರೆ" ಎಂದಷ್ಟೇ ಸೇರಿಸಿ ಮುಂದಿನ ಕೇಸು ಕರೆಸಿದರು.

ನಕಲು ಆಕೆಯ ಕೈ ಸೇರಿದಾಗ ಸಂಜೆಯಾಗುತ್ತಿತ್ತು. ವಕೀಲರು ಬೇರೆ ಕೇಸಿಗೆ ಓಡಿದ್ದರು. ಆಕೆಗೆ ಓದು ಬಾರದು. ನನ್ನ ಹತ್ತಿರವೇ ಬಂದು ಹಾಳೆಗಳನ್ನು ಮುಂದೆ ಹಿಡಿದರು.

ಓದಿದೆ. ಗೋಡೆ ಬಿರುಕು ಬಿಟ್ಟಿದೆಯೆಂದು ಎರಡು ಸಲ ಪತ್ರ ಬಂದಿದ್ದರೂ ಯಾರೂ ಹೋಗಿ ನೋಡಿರಲಿಲ್ಲ. ನಾಲ್ಕನೆಯ ಹಾಳೆಯಲ್ಲಿ, ಮೃತನು ಮದ್ಯಪಾನ ಮಾಡಿರಲಿಲ್ಲ ಎಂದು ವೈದ್ಯರ ವರದಿಯಿಂದ ಕಂಡುಬರುತ್ತದೆ ಎಂಬ ಸಾಲಿತ್ತು.

"ಅದ್ನ ಇನ್ನೊಂದ್ಸಲ ಓದಿ" ಎಂದರು.

ಓದಿದೆ.

"ನಿಮ್ಗೆ ಮೊದ್ಲೇ ಗೊತ್ತಿತ್ತೇನಮ್ಮ?"

"ಗೊತ್ತಿತ್ತು."

ಆಕೆ ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡರು. ಆಮೇಲೆ, "ನೌಕ್ರಿ ಕಣಮ್ಮ, ನೀವೇನ್ ಮಾಡೀರಿ" ಎಂದು ಹಾಳೆಗಳನ್ನು ಮಡಿಸಿ ಸೆರಗಿನಲ್ಲಿ ಸುತ್ತಿಕೊಂಡು ಬಸ್ ನಿಲ್ದಾಣದ ಕಡೆ ಹೊರಟರು. ನಾನೂ ಹೋಗಬೇಕಾದದ್ದು ಅಲ್ಲಿಗೇ. ಜೊತೆಗೆ ನಡೆಯುವ ಧೈರ್ಯವಾಗದೆ ಬೆಂಚಿನ ಮೇಲೆ ಕೂತುಬಿಟ್ಟೆ.

ಆಕೆ ತಮ್ಮೂರಿನ ಹಾಲಿನ ಡೈರಿಯ ಮುಂದೆ, ಹಾಲು ಹಾಕಲು ಬಂದ ಜನರೆದುರು, ಶಾಲೆಯ ಮೇಷ್ಟ್ರ ಕೈಲಿ ಆ ಸಾಲನ್ನು ಓದಿಸಿದರಂತೆ. ಮುಂದಿನ ವಾಯಿದೆಯಲ್ಲಿ ಆಕೆಯೇ ಹೇಳಿದರು.

"ಯಾರಾನ ಏನಾರ ಅಂದ್ರಾ?" ಎಂದು ಕೇಳಿದೆ.

"ಏನಂದಾರು? ತಲೆ ಬಗ್ಸ್ಕಂಡು ಹಾಲು ಹಾಕ್ಬುಟ್ಟು ಹೋದ್ರು."

ಪರಿಹಾರದ ದಾವೆ ಇನ್ನೂ ಮುಗಿದಿಲ್ಲ. ಈಗೀಗ ಆಕೆ ಬರುವುದು ಕಡಿಮೆ, ವಕೀಲರೊಬ್ಬರೇ ಬರುತ್ತಾರೆ. ಕೋರ್ಟಿನ ಕೆಲಸ ಬಿಡಿಸಿ ಬೇರೆ ಮೇಜು ಕೊಡಿ ಎಂದು ಸಾಹೇಬರನ್ನು ಎರಡು ಸಲ ಕೇಳಿದೆ. ನೋಡೋಣ ಎಂದಿದ್ದಾರೆ. ಸೋಮವಾರ ಪಾವಗಡದಲ್ಲಿ ವಾಯಿದೆ ಇದೆ.