ಅವ್ವ ಕಲಿತ ‘ಹ್ಯಾವ್’

ಮೊನ್ನೆ ಸಂಜೆ ಚಹಾಕ್ಕೆ ಶುಂಠಿ ಜಜ್ಜುತ್ತ ನಿಂತಿದ್ದೆ. ಹತ್ತು ವರ್ಷದ ಮಗಳು ಹೋಮ್‌ವರ್ಕಿನ ಹಾಳೆ ಹಿಡಿದು ಅಡುಗೆಮನೆಗೆ ಬಂದಳು. ಇಂಗ್ಲಿಷ್ ಕ್ರಿಯಾಪದಗಳಿಗೆ ಅವರವರ ಮನೆಮಾತಿನಲ್ಲಿ ಅರ್ಥ ಬರೆದು ತರಬೇಕಂತೆ.

“ಅಮ್ಮಾ, ‘ಹ್ಯಾವ್’ಗೆ ಕನ್ನಡದಾಗ ಏನು?”

ಜಜ್ಜುವ ಕಲ್ಲು ಕೆಳಗಿಟ್ಟು ಯೋಚಿಸಿದೆ. ನೀವೂ ಒಮ್ಮೆ ಯೋಚಿಸಿ ನೋಡಿ. ನಮಗೆ ಅಣ್ಣ ಇರುತ್ತಾನೆ, ನೆಗಡಿ ಬರುತ್ತದೆ. ಯಾವುದನ್ನೂ ನಾವು ‘ಹ್ಯಾವ್’ ಮಾಡುವುದಿಲ್ಲ. ‘ಹೊಂದು’ ಎನ್ನಬಹುದು, ಆದರೆ ಅದು ಸರ್ಕಾರಿ ಪತ್ರದ ಮಾತು. ಕನ್ನಡ ಎಂ.ಎ. ಮಾಡಿದ್ದೇನೆಂದು ಮನೆಯಲ್ಲಿ ಜಂಬ ಕೊಚ್ಚುವವಳು ನಾನು. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ಆಗ ನೆನಪಾದವಳು ಅವ್ವ. ಇದೇ ಪದದ ಜೊತೆ ಅವಳು ಒಂದು ತಿಂಗಳು ಗುದ್ದಾಡಿದ್ದಳು.

ಅಪ್ಪನಿಗೆ ಧಾರವಾಡದಿಂದ ಕಲ್ಕತ್ತದ ಗಾರ್ಡನ್ ರೀಚಿನ ರೈಲ್ವೆ ಕಚೇರಿಗೆ ವರ್ಗವಾಗಿತ್ತು. ನಮ್ಮದು ಮಹಡಿಯ ಮೇಲಿನ ಎರಡು ಕೋಣೆ. ಕೆಳಗೆ ಮಾಶಿಮಾ, ಅಂದರೆ ಬಂಗಾಳಿಯಲ್ಲಿ ಚಿಕ್ಕಮ್ಮ. ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಗಂಡ ಎಂದೋ ತೀರಿಕೊಂಡಿದ್ದರು. ಒಬ್ಬನೇ ಮಗ ಬಾಪ್ಪಾ, ನಾವು ಬರುವ ಎರಡು ವರ್ಷ ಮೊದಲು, ಹತ್ತೊಂಬತ್ತನೆಯ ವಯಸ್ಸಿಗೆ ಜ್ವರದಲ್ಲಿ ಹೋಗಿದ್ದ. ಅವನ ಫೋಟೋ ಮೇಜಿನ ಮೇಲಿತ್ತು. ಅದಕ್ಕೆ ಅವರು ಹಾರ ಹಾಕಿರಲಿಲ್ಲ.

ತಮ್ಮನನ್ನು ಶಾಲೆಗೆ ಸೇರಿಸಬೇಕಾದರೆ ತಂದೆತಾಯಿ ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಬೇಕು ಎಂದು ಗೊತ್ತಾದ ದಿನ ಅವ್ವ ಊಟ ಬಿಟ್ಟಳು. ಮರುದಿನ ನೋಟುಬುಕ್ಕು ಹಿಡಿದು ಕೆಳಗಿಳಿದಳು. ಇಬ್ಬರಿಗೂ ಸೇತುವೆಯಾಗಿದ್ದದ್ದು ಅವರವರ ಹರುಕು ಹಿಂದಿ. ನಾನೂ ಪಕ್ಕದಲ್ಲಿ ಕೂತು ನನ್ನ ಲೆಕ್ಕ ಮಾಡುತ್ತಿದ್ದೆ. ಅವ್ವನ ತಪ್ಪುಗಳಿಗೆ ಮುಸಿಮುಸಿ ನಗುತ್ತಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

‘ಹ್ಯಾವ್ ಟೀ’ ಬಂದ ದಿನ ಅವ್ವ ರಾತ್ರಿ ಅಪ್ಪನಿಗೆ ಹೇಳಿದಳು: “ಇಲ್ಲಿ ಬಂಗಾಳಿ ಮಂದಿ ಚಹಾ ‘ತಿಂತೀವಿ’ ಅಂತಾರ. ಇಂಗ್ಲಿಷ್ ಮಂದಿ ಚಹಾನೂ ಇಟ್ಕೋತಾರ, ನೆಗಡೀನೂ ಇಟ್ಕೋತಾರ. ಕುಡಿಯೋರು ನಾವ್ ಅಷ್ಟ ನೋಡ್ರಿ.”

ಆಮೇಲೆ ‘ಹ್ಯಾಡ್’ ಬಂತು. ಈಗ ನಿನ್ನ ಬಳಿ ಇದ್ದರೆ ‘ಹ್ಯಾವ್’, ಇತ್ತು ಈಗಿಲ್ಲ ಅಂದರೆ ‘ಹ್ಯಾಡ್’ ಎಂದು ಮಾಶಿಮಾ ವಿವರಿಸಿದರು. “ಬೌಮಾ, ಈಗ ನೀನೇ ಐದು ವಾಕ್ಯ ಬರಿ. ನನ್ನ ಬಗ್ಗೆ ಬರಿ.” ಅವ್ವನನ್ನು ಅವರು ಬೌಮಾ ಎನ್ನುತ್ತಿದ್ದರು, ಸೊಸೆ ಎಂದು.

ಅವ್ವ ಬರೆದುಕೊಟ್ಟಳು. ಮಾಶಿಮಾಗೆ ಕನ್ನಡಕ ಇದೆ. ಮಾಶಿಮಾಗೆ ಬೆಕ್ಕು ಇತ್ತು. ಕೆಂಪು ಪೆನ್ಸಿಲ್ ಸರಿಸರಿಯೆಂದು ಇಳಿಯುತ್ತ ಬಂತು. ಕೊನೆಯ ವಾಕ್ಯದ ಮೇಲೆ ನಿಂತಿತು. ‘ಮಾಶಿಮಾ ಹ್ಯಾಸ್ ಒನ್ ಸನ್.’

ನಾನು ತಲೆ ಎತ್ತಿ ನೋಡಿದೆ. ಮೂವತ್ತು ವರ್ಷ ತಪ್ಪು ತಿದ್ದಿದ ಕೈ ಪೆನ್ಸಿಲನ್ನು ಕೆಳಗಿಟ್ಟಿತು. ನನಗೆ ನಗು ಬರಲಿಲ್ಲ.

“ಬೌಮಾ, ಇದು ಹ್ಯಾಡ್ ಆಗಬೇಕು,” ಎಂದರು.

ಅವ್ವ ತನ್ನ ಹಿಂದಿಯಲ್ಲಿ ನಿಧಾನಕ್ಕೆ ಹೇಳಿದಳು, “ನಮ್ಮ ಭಾಷಾದಾಗ ಆ ಶಬ್ದನ ಇಲ್ಲ ಮಾಶಿಮಾ. ‘ನಿಮಗ ಒಬ್ಬ ಮಗ’ ಅಂತೀವಿ. ಅಷ್ಟ. ಮುಂದ ಏನೂ ಹಚ್ಚೂದಿಲ್ಲ.”

ಮಾಶಿಮಾ ಫೋಟೋದ ಕಡೆ ನೋಡಿದರು. “ಆಮಾರ್ ಏಕ್ ಛೇಲೆ,” ಎಂದರು ಮೆಲ್ಲಗೆ. ನನಗೆ ಒಬ್ಬ ಮಗ. “ನಮ್ಮಲ್ಲೂ ಹೀಗೇ ಬೌಮಾ.” ಆಮೇಲೆ ಆ ವಾಕ್ಯಕ್ಕೂ ಸರಿ ಹಾಕಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅವ್ವ ಅವರ ಬೆನ್ನು ಸವರುತ್ತ ಕೂತಳು. ಆ ದಿನದಿಂದ ಬಾಪ್ಪಾನ ತುಂಟತನದ ಕಥೆಗಳು ಪಾಠದ ನಡುವೆ ಬರತೊಡಗಿದವು. ಇಂಗ್ಲಿಷ್ ಕಡಿಮೆಯಾಯಿತು. ಆದರೂ ಸಂದರ್ಶನದಲ್ಲಿ ಅವ್ವ ಹೇಗೋ ಪಾರಾದಳು, ತಮ್ಮನಿಗೆ ಸೀಟು ಸಿಕ್ಕಿತು.

ಆ ‘ಹ್ಯಾಸ್’ ತಪ್ಪೇ, ಬೇಕೆಂದೇ ಬರೆದದ್ದೇ ಎಂದು ನಾನು ಎಷ್ಟೋ ವರ್ಷಗಳ ಮೇಲೆ ಅವ್ವನನ್ನು ಕೇಳಿದ್ದೆ. “ಗೊತ್ತಿತ್ತವಾ. ‘ಹ್ಯಾಡ್’ ಬರಿಯಾಕ ಕೈ ಏಳಲಿಲ್ಲ,” ಎಂದಿದ್ದಳು.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ನಾನಿರುವುದು ಈಗ ಹೊಳೆಯ ಆಚೆ ದಡದ ಹೌರಾದಲ್ಲಿ. ಮಾಶಿಮಾಗೆ ಫೋನಿನಲ್ಲಿ ಸುದ್ದಿ ತಿಳಿಸಿದ್ದು ಬಿಟ್ಟರೆ ಆ ಮನೆಗೆ ಹೋಗಿರಲಿಲ್ಲ. ಕೆಲಸ, ದೂರ ಎಂದೆಲ್ಲ ನೆಪ ಹೇಳಿಕೊಂಡಿದ್ದೆ. ನಿಜವೆಂದರೆ, ಅವ್ವನ ಬಗ್ಗೆ ‘ಇದ್ದಳು’ ಎಂದು ಅವರೆದುರು ಹೇಳಲು ನನಗೆ ಧೈರ್ಯವಿರಲಿಲ್ಲ.

ಭಾನುವಾರ ಮಗಳನ್ನು ಕರೆದುಕೊಂಡು ಹೋದೆ. ಮಾಶಿಮಾಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು; ಏಕೆ ಬರಲಿಲ್ಲ ಎಂದು ಕೇಳಲಿಲ್ಲ. ಮಗಳಿಗೆ ಇಂಗ್ಲಿಷ್ ಪೇಪರು ಕೊಟ್ಟು ಓದಿಸಿದರು, ಉಚ್ಚಾರ ತಿದ್ದಿದರು. ಹೊರಡುವಾಗ, ಮುಂದಿನ ವಾರವೂ ಬಂದು ಓದು ಎಂದರು. ಅವಳು ನನ್ನನ್ನು ಕೇಳದೆಯೇ ಒಪ್ಪಿಕೊಂಡಳು.

ಬಸ್‌ಸ್ಟಾಪಿನಲ್ಲಿ ಕೇಳಿದಳು: “ಅಮ್ಮಾ, ಅವ್ರು ನಮಗ ಏನಾಗಬೇಕು? ರಿಲೇಟಿವ್ವಾ?”

“ಅಜ್ಜಿ ಆಗಬೇಕು,” ಎಂದೆ.