ಮೊದಲನೆಯದು ಹೆಂಚಿಗೆ

ಠಾಣೆ ಬಳಿಯ ಕೋಪರಿಯ ನಮ್ಮ ಕಟ್ಟಡದ ಕೆಳಗಿನ ಹೋಟೆಲಿನಲ್ಲಿ ದೋಸೆ ಹೊಯ್ಯುವ ಭಟ್ಟರು ಪ್ರತಿ ಬೆಳಿಗ್ಗೆ ಕಾದ ಹೆಂಚಿಗೆ ನೀರು ಚಿಮುಕಿಸಿ, ಚುಂಯ್ ಎಂಬ ಸದ್ದಿಗೆ ಕಿವಿಗೊಡುತ್ತಿದ್ದರು. ಮೊದಲ ದೋಸೆಯನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. "ಮೊದಲನೆಯದು ಹೆಂಚಿಗೆ ಮಾರಾಯ, ಎರಡನೆಯದು ಗಿರಾಕಿಗೆ" ಎನ್ನುತ್ತಿದ್ದರು.

ಸಂಕ್ರಾಂತಿಯ ಮರುದಿನ, ಬುಧವಾರ, ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತು. ರಕ್ತದ ರಿಪೋರ್ಟಿನಲ್ಲಿ ಉರಿಯೂತದ ಅಂಶ ಹೆಚ್ಚಿರುವುದರಿಂದ ಚೇತರಿಕೆ ನಿಧಾನವಾಗಬಹುದು, ಆದರೆ ಇದು ಅಂದಾಜಷ್ಟೇ ಎಂದರು ಡಾಕ್ಟರು.

"ಹಾಗಾದ್ರೆ ಇವರಿಗೆ ಇನ್ನು ದೋಸೆ ಹೊಯ್ಲಿಕ್ಕೆ ಆಗ್ತದಾ ಇಲ್ವಾ?" ಎಂದು ಭಟ್ಟರ ಹೆಂಡತಿ ಅತ್ತರು.

ಭಟ್ಟರು ತೊದಲುತ್ತಲೇ ನಕ್ಕರು. "ನೀರು ಚಿಮುಕಿಸಿದ್ರೆ ಹೆಂಚಿನ ಕಾವು ಗೊತ್ತಾಗ್ತದೆ. ದೋಸೆ ಏಳ್ತದಾ ಅಂತ ಹೊಯ್ದೇ ನೋಡ್ಬೇಕು."

ಕೈ ನಿಧಾನವಾಗಿಯೇ ಮರಳಿತು. ಚೌತಿಯ ಬೆಳಿಗ್ಗೆ ಅವರು ಮತ್ತೆ ಹೆಂಚಿನ ಮುಂದೆ ನಿಂತರು. ಸೌಟು ನಡುಗಿ ದೋಸೆ ಸೊಟ್ಟಗಾಯಿತು, ಎಬ್ಬಿಸುವಾಗ ಹರಿಯಿತು.

"ಇದೆಂತ ಭಟ್ರೇ, ಠಾಣೆ ಜಿಲ್ಲೆಯ ನಕ್ಷೆಯಾ?" ಎಂದು ಗಲ್ಲಾದಿಂದ ಧಣಿ ಕೂಗಿದರು.

"ಅದು ಹೆಂಚಿಗೆ ಧಣಿ," ಎಂದು ಭಟ್ಟರು ಇನ್ನೊಂದು ಹೊಯ್ದರು. ಅದೂ ಸೊಟ್ಟಗೇ ಇತ್ತು, ಆದರೆ ಹರಿಯದೆ ಎದ್ದಿತು. ಬಲಗೈಯಿಂದಲೇ ಅದನ್ನು ನನ್ನ ತಟ್ಟೆಗೆ ಹಾಕಿ, "ಇದು ಗಿರಾಕಿಗೆ," ಎಂದರು.