ಅಂದಪ್ಪನ ಕೂಗು
ಪಕ್ಕದ ಮನೆಯ ಅಂದಪ್ಪನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮುಚ್ಚಿಟ್ಟು ಏನು ಫಲ? ಕೊಪ್ಪಳದ ಹತ್ತಿ ಗಿರಣಿಯ ಹತ್ತು ಷೇರುಗಳಲ್ಲಿ ಒಂದನ್ನು ಕೊಂಡಂದಿನಿಂದ ಅವನು ನಡೆಯುವುದಿಲ್ಲ, ಮೆರವಣಿಗೆ ಹೋಗುತ್ತಾನೆ. ಧೋತರಕ್ಕೆ ಅಂಟಿದ ಅರಳೆಯನ್ನು ಹೆಂಡತಿ ಅನ್ನಮ್ಮನಿಗೂ ಕೊಡವಲು ಬಿಡುವುದಿಲ್ಲ. ದಿನಾ ಮುಂಜಾನೆ ಗಿರಣಿಯ ಭೋಂಗಾ ಕೂಗಿದರೆ ಕಟ್ಟೆಯ ಮೇಲೆ ಕುಳಿತು ಒಂದು ಬೆರಳು ಮಡಚುತ್ತಾನೆ. ಹತ್ತನೆಯ ದಿನ ಎದ್ದು ನಿಂತು, ರುಮಾಲು ಸರಿಮಾಡಿಕೊಂಡು, "ಇವತ್ತಿನ ಕೂಗು ನಂದು ನೋಡ್ರಿ" ಎನ್ನುತ್ತಾನೆ. ಆ ಕೂಗು ಉಳಿದ ಒಂಬತ್ತಕ್ಕಿಂತ ಉದ್ದವೆಂದು ನನಗೂ ಅನ್ನಿಸತೊಡಗಿದ್ದು ನನ್ನ ಕರ್ಮ. ಹೊಸ ಯಂತ್ರಕ್ಕೆಂದು ಗಿರಣಿ ಒಬ್ಬ ಸೇಠನಿಂದ ಸಾಲ ತಂದಿತ್ತು. ಬೇಕೆಂದಾಗ ಅವನು ಸಾಲದ ಹಣದ ಬದಲು ಗಿರಣಿಯ ಹೊಸ ಷೇರು ತೆಗೆದುಕೊಳ್ಳಬಹುದೆಂದು ಕರಾರು. ಷೇರುದಾರರ ಸಭೆಯಲ್ಲಿ ಆ ಕರಾರಿಗೆ ಒಪ್ಪಿಗೆಯೆಂದು ಎಲ್ಲರಿಗಿಂತ ಮೊದಲು ಕೈ ಎತ್ತಿದವನೇ ಅಂದಪ್ಪ. ಯುದ್ಧ ಬಂದು ಹತ್ತಿಯ ದರ ಏರಿದ್ದೇ ತಡ, ಸೇಠ ಮೂವತ್ತು ಹೊಸ ಷೇರು ಬರೆಸಿಕೊಂಡ. "ಒಂದು ದುಡ್ಡೂ ಕೊಡದೆ ಸಾಲ ತೀರಿತು ನೋಡ್ರಿ!" ಎಂದು ಅಂದಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ಅಂದಪ್ಪನ ಷೇರಿನ ಕಾಗದ ಅದೇ, ಮುದ್ರೆಯೂ ಅದೇ. ಆದರೆ ಹತ್ತರಲ್ಲೊಂದಿದ್ದ ಪಾಲು ನಲವತ್ತರಲ್ಲೊಂದಾಗಿತ್ತು. ಗಿರಣಿಯ ಗುಮಾಸ್ತ ಇದನ್ನು ಬಿಡಿಸಿ ಹೇಳಿದ ದಿನದಿಂದ ಅಂದಪ್ಪ ಬೆರಳು ಬಿಟ್ಟು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಾನೆ. ಇವತ್ತು ಹತ್ತನೆಯ ಗೆರೆ. ಭೋಂಗಾ ಕೂಗಿತು, ರೂಢಿಯಿಂದ ಅರ್ಧ ಎದ್ದವನು ಮತ್ತೆ ಕುಳಿತ. ನನಗೆ ಸಂತೋಷವಾಗಬೇಕಿತ್ತು. "ಇನ್ನ ಮೂವತ್ತು ದಿನ ಐತ್ರಿ" ಎಂದ, ರುಮಾಲು ಸರಿಮಾಡಿಕೊಳ್ಳುತ್ತ. ಕಾಯಲಿಕ್ಕೆ ಅವನಿಗೊಂದು ಕೂಗಾದರೂ ಇದೆಯಲ್ಲ ಎಂದು ನನ್ನ ಹೊಟ್ಟೆ ಮತ್ತೆ ಉರಿಯಿತು.